ಮೊಲಕ್ಕೆ ಮನೆಯೊಳಗೆ ಒಂದು ಮೂಲೆ



ಪ್ರತಿ ವರ್ಷ ಜುಲೈ ತಿಂಗಳು ಸಮೀಪಿಸುತ್ತಿದ್ದಂತೆ ನಮ್ಮ ಸಂಘದ ವಾಟ್ಸ್‌ಆ್ಯಪ್ ಬಳಗದಲ್ಲಿ ಒಂದೇ ಬಗೆಯ ಸಂದೇಶಗಳು ಕಾಣಿಸಿಕೊಳ್ಳತೊಡಗುತ್ತವೆ. ಮಕ್ಕಳಿಗೆ ಬೇಸಿಗೆ ರಜೆ. ಕುಟುಂಬ ಐದು ವಾರಗಳ ಮಟ್ಟಿಗೆ ಊರಿಗೆ ಹೊರಟಿದೆ. ಗೂಡು, ನೀರಿನ ಬಾಟಲಿ, ಅರ್ಧ ಚೀಲ ಒಣಹುಲ್ಲು ಸಮೇತ ನಮ್ಮ ಮೊಲವನ್ನು ಯಾರಾದರೂ ತೆಗೆದುಕೊಳ್ಳುವಿರಾ ಎಂದು ಕೇಳುವ ಸಂದೇಶಗಳವು. ಕೆಲವರು ರಜೆಯ ಅವಧಿಗಷ್ಟೇ ಕೇಳುತ್ತಾರೆ. ಶಾಶ್ವತವಾಗಿಯೇ ಕೊಟ್ಟುಬಿಡುವೆವೆನ್ನುವವರೂ ಕಡಿಮೆಯಿಲ್ಲ. ವಸಂತಕಾಲದಲ್ಲಿ, ಈಸ್ಟರ್ ಹಬ್ಬದ ಆಸುಪಾಸಿನಲ್ಲಿ, ಮಕ್ಕಳ ಹಟಕ್ಕೆ ಮಣಿದು ತಂದ ಮರಿ ಅದು. ಚಿತ್ರದಲ್ಲಿ ನೋಡಿದರೆ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ.

ಯಾರನ್ನೂ ದೂಷಿಸುವ ಉದ್ದೇಶದಿಂದ ಇದನ್ನು ಬರೆಯುತ್ತಿಲ್ಲ. ದೂಷಿಸುವ ಅರ್ಹತೆಯೂ ನಮಗಿಲ್ಲ. 2020ರ ಬೇಸಿಗೆಯಲ್ಲಿ, ಕೋವಿಡ್ ನಿರ್ಬಂಧಗಳ ನಡುವೆ ಮಕ್ಕಳು ಬೇಸತ್ತು ಕುಳಿತಿದ್ದಾಗ, ಈ ದೇಶದ ಅನೇಕರಂತೆ ನಾವೂ ಅಂಗಡಿಗೆ ಹೋಗಿ ಬಿಳಿಯ ಮೊಲದ ಮರಿಯೊಂದನ್ನು ತಂದೆವು. ಮಗಳು ಅದಕ್ಕೆ ಚಿನ್ನಿ ಎಂದು ಹೆಸರಿಟ್ಟಳು. ಅಂಗಡಿಯವರು ನಾಲ್ಕಡಿ ಉದ್ದದ ಮರದ ಗೂಡೊಂದನ್ನು ತೋರಿಸಿ, ಒಂದು ಮೊಲಕ್ಕೆ ಇದು ಧಾರಾಳವಾಯಿತು ಎಂದರು, ನಾವು ನಂಬಿದೆವು. ಗೂಡು ಹಿತ್ತಿಲಿನ ಬೇಲಿಯ ಬದಿಗೆ ಬಂದು ನಿಂತಿತು. ಬೇಸಿಗೆಯುದ್ದಕ್ಕೂ ಮಕ್ಕಳು ಅದರ ಸುತ್ತಲೇ ಇದ್ದರು. ಅಕ್ಟೋಬರಿನಲ್ಲಿ ಮಳೆ ಹಿಡಿಯಿತು, ಮಕ್ಕಳ ಭೇಟಿಗಳು ವಿರಳವಾದವು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವ ಈ ನಾಡಿನಲ್ಲಿ, ಕೆಲಸ ಮುಗಿದ ಮೇಲೆ ಮೊಬೈಲಿನ ಬೆಳಕಿನಲ್ಲಿ ಗೂಡಿನ ಬಾಗಿಲು ತೆರೆದು, ಒಂದು ಹಿಡಿ ಪೆಲೆಟ್ ಸುರಿದು, ಬಾಟಲಿಯ ನೀರು ಹೆಪ್ಪುಗಟ್ಟಿದೆಯೇ ಎಂದು ಅಲುಗಿಸಿ ನೋಡಿ, ನಡುಗುತ್ತ ಒಳಗೋಡಿ ಬರುವುದಷ್ಟೇ ನಮ್ಮ ಆರೈಕೆಯಾಗಿತ್ತು.

2021ರ ಜನವರಿಯ ಒಂದು ಶನಿವಾರ ಬೆಳಿಗ್ಗೆ ಚಿನ್ನಿ ಮೂಲೆಯಲ್ಲಿ ಬೆನ್ನು ಬಾಗಿಸಿ ಕುಳಿತಿತ್ತು. ಹಿಂದಿನ ದಿನ ಸುರಿದ ಪೆಲೆಟ್ ಹಾಗೆಯೇ ಇತ್ತು. ಅದರ ಕೆಳಗೆ ಅದರ ಹಿಂದಿನ ದಿನದ್ದೂ ಇತ್ತು. ಪಶುವೈದ್ಯರು ಹೊಟ್ಟೆ ಮುಟ್ಟಿ ನೋಡಿ, ಕರುಳಿನ ಚಲನೆ ನಿಂತು ಬಹಳ ಹೊತ್ತಾಗಿದೆ ಎಂದರು. ಕೊನೆಯ ಬಾರಿ ಹಿಕ್ಕೆ ಹಾಕಿದ್ದು ಯಾವಾಗ ಎಂದು ಕೇಳಿದರು. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಗೂಡಿನ ಹುಲ್ಲಿನಡಿಯಲ್ಲಿ ಹಿಕ್ಕೆ ಇದ್ದೇ ಇತ್ತು, ಆದರೆ ಅದು ನಿನ್ನೆಯದೋ ಹೋದ ವಾರದ್ದೋ ನಮಗೆ ತಿಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಚಿನ್ನಿ ತೀರಿಕೊಂಡಿತು.

ಅಂದಿನಿಂದ ನಾವು ಒಂದು ಅಭಿಪ್ರಾಯಕ್ಕೆ ಬಂದಿದ್ದೇವೆ. ನಮ್ಮಂಥ ಕುಟುಂಬಗಳು ಮೊಲವನ್ನು ಸಾಕುವುದಾದರೆ ಮನೆಯೊಳಗೆ, ತಮ್ಮ ನಿತ್ಯದ ಓಡಾಟದ ನಡುವೆ ಸಾಕಬೇಕು. ಅದಕ್ಕೆ ಮನಸ್ಸೊಪ್ಪದಿದ್ದರೆ ಮೊಲವನ್ನು ತರಲೇಬಾರದು. ಇದನ್ನು ಹೇಳಿದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: ಹಾಗಾದರೆ ಗಲೀಜು? ದೇವರ ಕೋಣೆಯಿರುವ ಮನೆಯಲ್ಲಿ, ಕಾರ್ಪೆಟ್ ಹಾಸಿದ ನೆಲದ ಮೇಲೆ, ಬಾಡಿಗೆಯ ಮುಂಗಡ ಹಣ ಮನೆಯೊಡೆಯರ ಕೈಯಲ್ಲಿರುವಾಗ, ಕಂಡಕಂಡಲ್ಲಿ ಹಿಕ್ಕೆ ಹಾಕುವ ಪ್ರಾಣಿಯನ್ನು ಬಿಟ್ಟುಕೊಳ್ಳುವುದೇ? ಅಂಜಿಕೆ ಸಹಜವಾದುದು. ಆದರೆ ಅದು ಮೊಲದ ಸ್ವಭಾವವನ್ನು ತಿಳಿಯದ್ದರಿಂದ ಹುಟ್ಟಿದ್ದು.

ನಮ್ಮ ಭಾಷೆಯಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳಿಗೆ ಒಂದೇ ಹೆಸರಿದೆ. ಕರ್ನಾಟಕದ ಹೊಲಬಯಲುಗಳಲ್ಲಿ, ರಾತ್ರಿ ಬಸ್ಸಿನ ದೀಪಕ್ಕೆ ಬೆದರಿ ಓಡುವ, ಕತ್ತಿನ ಹಿಂಭಾಗ ಕಪ್ಪಾಗಿರುವ ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ. ಅದು ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಮಲಗುತ್ತದೆ. ಅದರ ಮರಿಗಳು ಮೈತುಂಬ ರೋಮ ಹೊತ್ತು, ಕಣ್ಣು ತೆರೆದೇ ಹುಟ್ಟುತ್ತವೆ. ಇಲ್ಲಿ ನಾವು ಸಾಕುವುದು ಸ್ಪೇನ್, ಪೋರ್ಚುಗಲ್‌ಗಳ ಕಡೆಯಿಂದ ಬಂದ, ಗುಂಪುಗೂಡಿ ಬಿಲಗಳಲ್ಲಿ ಬಾಳುವ ಯುರೋಪಿನ ಮೊಲದ ಸಂತತಿ. ಇದರ ಮರಿಗಳು ಬೆತ್ತಲೆಯಾಗಿ, ಕುರುಡಾಗಿ ಬಿಲದೊಳಗೆ ಹುಟ್ಟುತ್ತವೆ. ಬಿಲವಾಸಿಯಾದ್ದರಿಂದಲೇ ಇದಕ್ಕೆ ಮನೆಯೆಂಬ ಕಲ್ಪನೆಯಿದೆ, ಎಲ್ಲೆಯೆಂಬ ಕಲ್ಪನೆಯಿದೆ. ಕಾಡಿನಲ್ಲಿ ಈ ಮೊಲಗಳು ತಮ್ಮ ನೆಲೆಯ ಗಡಿಯನ್ನು ಸಾರಲು ಗೊತ್ತಾದ ಜಾಗಗಳಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ರಾಶಿ ಮಾಡುತ್ತವೆ. ಇಲ್ಲಿನ ಹುಲ್ಲುಗಾವಲುಗಳಲ್ಲಿ ನಡೆದಾಡಿದವರು ಆ ರಾಶಿಗಳನ್ನು ಕಂಡಿರಬಹುದು. ಹೀಗಾಗಿ ಒಂದು ಜಾಗಕ್ಕೆ ಹೋಗಿ ಮಲಮೂತ್ರ ವಿಸರ್ಜಿಸುವುದನ್ನು ನಾವು ಮೊಲಕ್ಕೆ ಕಲಿಸಬೇಕಾಗಿಲ್ಲ, ಅದು ಕಲಿತೇ ಬಂದಿರುತ್ತದೆ. ಅದು ಆರಿಸಿದ ಜಾಗದಲ್ಲಿ ಟ್ರೇ ಇಡುವಷ್ಟು ವಿನಯ ನಮಗಿದ್ದರೆ ಸಾಕು.

ಇದು ನಮಗೆ ತಿಳಿದದ್ದು ರಾಗಿಯಿಂದ. ರಾಗಿ ಎಂಬುದು 2022ರ ಜುಲೈಯಲ್ಲಿ, ಮೇಲೆ ಹೇಳಿದಂಥ ಸಂದೇಶವೊಂದರ ಮೂಲಕವೇ ನಮ್ಮ ಮನೆಗೆ ಬಂದ ಕಂದುಬಣ್ಣದ ಗಂಡು ಮೊಲ. ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಉಷ್ಣತೆ 40 ಡಿಗ್ರಿ ದಾಟಿದ ವಾರವದು. ಮೊಲಕ್ಕೆ ಬೆವರಿ ತಣಿಯುವ ಉಪಾಯವಿಲ್ಲ; 25 ಡಿಗ್ರಿ ದಾಟಿತೆಂದರೆ ಅದರ ಮೇಲೊಂದು ಕಣ್ಣಿಡಬೇಕು. ಹಿತ್ತಿಲಿನ ಗೂಡಿನಲ್ಲಿ ಬಿಡುವ ಮಾತೇ ಇರಲಿಲ್ಲ. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು, ಹಿಂಬದಿಯ ಕೋಣೆಯಲ್ಲಿ ಅದನ್ನು ಇರಿಸಿಕೊಂಡೆವು. ಅಂದು ಒಳಗೆ ಬಂದದ್ದು ಮತ್ತೆ ಹೊರಗೆ ಹೋಗಲಿಲ್ಲ.

ಮೊದಲ ಎರಡು ತಿಂಗಳು ಸುಖಕರವಾಗಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಪ್ರಾಯಕ್ಕೆ ಬಂದ ಗಂಡು ಮೊಲ ಸೋಫಾ, ಪರದೆ, ನಮ್ಮ ಪಾದ ಎಲ್ಲಕ್ಕೂ ಮೂತ್ರ ಸಿಂಪಡಿಸಿ ತನ್ನದೆಂದು ಘೋಷಿಸಿಕೊಂಡಿತು. ಈ ಹಂತದಲ್ಲಿ ಯಾವ ಟ್ರೇಯೂ ಉಪಯೋಗಕ್ಕೆ ಬಾರದು. ಸಂತಾನಹರಣ ಶಸ್ತ್ರಚಿಕಿತ್ಸೆಯೇ ಮೊದಲ ಹೆಜ್ಜೆ. ಗಂಡಿಗಾದರೆ ಸುಮಾರು ನಾಲ್ಕು ತಿಂಗಳ ಪ್ರಾಯದಿಂದ, ಹೆಣ್ಣಿಗೆ ಅದಕ್ಕಿಂತ ತುಸು ತಡವಾಗಿ ಇದನ್ನು ಮಾಡಿಸಬಹುದು. ಹೆಣ್ಣು ಮೊಲಕ್ಕಂತೂ ಇದು ಗಲೀಜಿನ ಪ್ರಶ್ನೆಯಷ್ಟೇ ಅಲ್ಲ. ಹಾಗೆಯೇ ಬಿಟ್ಟರೆ ವಯಸ್ಸಾಗುತ್ತ ಗರ್ಭಕೋಶದ ಕ್ಯಾನ್ಸರ್ ತಗಲುವ ಸಂಭವ ಬಹಳ ಹೆಚ್ಚು. ಶಸ್ತ್ರಚಿಕಿತ್ಸೆಯ ಮರುದಿನವೇ ಬದಲಾವಣೆ ನಿರೀಕ್ಷಿಸಬಾರದು. ದೇಹದಲ್ಲಿನ ಹಾರ್ಮೋನು ಇಳಿಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆ ಅವಧಿಯಲ್ಲಿ ಗಂಡಿನಿಂದ ಮರಿಯಾಗುವ ಸಾಧ್ಯತೆಯೂ ಉಳಿದಿರುತ್ತದೆಯಾದ್ದರಿಂದ ಸಂತಾನಹರಣವಾಗದ ಹೆಣ್ಣಿನ ಬಳಿ ಬಿಡಬಾರದು.

ಆರು ವಾರಗಳಾದ ಮೇಲೆ ರಾಗಿಯನ್ನು ಕೋಣೆಯ ಒಂದು ಭಾಗಕ್ಕೆ ಸೀಮಿತಗೊಳಿಸಿ ಸುಮ್ಮನೆ ನೋಡಿದೆವು. ನಾವು ಟ್ರೇ ಇಟ್ಟದ್ದು ಬಾಗಿಲ ಬದಿಯ ಮೂಲೆಯಲ್ಲಿ. ಅದು ಮೂತ್ರ ಮಾಡಿದ್ದು ಪುಸ್ತಕದ ಕಪಾಟಿನ ಪಕ್ಕದಲ್ಲಿ. ಮೂರು ದಿನ ನಮ್ಮ ಮೂಲೆಗೇ ಅದನ್ನು ಎತ್ತಿ ತಂದು ಕೂರಿಸಿದೆವು. ನಾಲ್ಕನೆಯ ದಿನ ಟ್ರೇಯನ್ನೇ ಕಪಾಟಿನ ಪಕ್ಕಕ್ಕೆ ಸರಿಸಿದೆವು. ಅಲ್ಲಿಗೆ ಆ ಜಗಳ ಮುಗಿಯಿತು.

ಟ್ರೇಯ ವಿಷಯದಲ್ಲಿ ಅಂಗಡಿಯ ಮಾತನ್ನು ಇನ್ನೊಮ್ಮೆ ನಂಬಬೇಡಿರೆಂದು ನಮ್ಮ ಸಲಹೆ. ಮೊಲಕ್ಕೆಂದೇ ಮಾರುವ ತ್ರಿಕೋನಾಕಾರದ ಪುಟ್ಟ ಟ್ರೇಗಳಲ್ಲಿ ಬೆಳೆದ ಮೊಲ ತಿರುಗಿ ಕೂರಲೂ ಆಗದು. ಬೆಕ್ಕಿನ ದೊಡ್ಡ ಟ್ರೇ, ಅಥವಾ ಬಟ್ಟೆ ತುಂಬಿಡುವ ಪ್ಲಾಸ್ಟಿಕ್ ಡಬ್ಬದ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿ ಅಂಚು ನಯಗೊಳಿಸಿದ್ದು, ಎಷ್ಟೋ ಮೇಲು. ಅದರ ತಳಕ್ಕೆ ಕಾಗದದಿಂದ ಮಾಡಿದ ಹರಳುಗಳನ್ನು ಎರಡು ಬೆರಳಿನ ದಪ್ಪ ಹರಡಿ, ಮೇಲೆ ಒಣಹುಲ್ಲು ಹಾಸಬೇಕು. ಒದ್ದೆಯಾದೊಡನೆ ಗಟ್ಟಿಯಾಗುವ, ಬೆಕ್ಕಿಗಾಗಿ ಮಾಡಿದ ಜೇಡಿಯ ಪುಡಿ ಕೂಡದು. ಮೊಲ ಅದನ್ನು ಮೆದ್ದರೆ ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಇನ್ನು ಎಲ್ಲಕ್ಕಿಂತ ಮುಖ್ಯವಾದುದು, ಒಣಹುಲ್ಲಿನ ಬುಟ್ಟಿಯನ್ನು ಟ್ರೇಯ ಒಂದು ತುದಿಗೇ, ಟ್ರೇಯಲ್ಲಿ ಕುಳಿತೇ ಬಾಯಿಗೆಟಕುವಂತೆ ಇಡುವುದು. ಮೊಲ ಮೇಯುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಊಟದ ಎಡೆಯಲ್ಲೇ ಶೌಚವೆಂದರೆ ನಮ್ಮ ಸಂಸ್ಕಾರಕ್ಕೆ ಕಸಿವಿಸಿಯಾಗುತ್ತದೆ, ನಿಜ. ನಾವೂ ಮೊದಮೊದಲು ಹುಲ್ಲನ್ನು ದೂರದಲ್ಲಿಟ್ಟು ಸೋತೆವು.

ಶುಚಿತ್ವದ ಉತ್ಸಾಹವೂ ನಮ್ಮನ್ನು ಒಮ್ಮೆ ಸೋಲಿಸಿತು. ಟ್ರೇಯನ್ನು ದಿನವೂ ಗಾಢ ವಾಸನೆಯ ಕ್ರಿಮಿನಾಶಕದಿಂದ ತಿಕ್ಕಿ ತೊಳೆದೆವು. ರಾಗಿ ಮರಳಿ ಸೋಫಾಕ್ಕೆ ಹೋಯಿತು. ತನ್ನ ವಾಸನೆಯಿಲ್ಲದ ಜಾಗ ಮೊಲಕ್ಕೆ ತನ್ನದಲ್ಲ. ಆರಂಭದ ದಿನಗಳಲ್ಲಿ ತೊಳೆದ ಟ್ರೇಯೊಳಗೆ ಒಂದು ಹಿಡಿ ಹಳೆಯ ಹಿಕ್ಕೆಯನ್ನು ಮರಳಿ ಹಾಕಬೇಕು. ಹೊರಗೆ ಮೂತ್ರ ಬಿದ್ದರೆ ಕಾಗದದಿಂದ ಒತ್ತಿ ತೆಗೆದು ಆ ಕಾಗದವನ್ನೇ ಟ್ರೇಯಲ್ಲಿಡಬೇಕು, ನೆಲವನ್ನು ಬಿಳಿ ವಿನೆಗರ್ ಬೆರೆಸಿದ ನೀರಿನಿಂದ ಒರೆಸಬೇಕು. ಗದರುವುದರಿಂದ ಪ್ರಯೋಜನವಿಲ್ಲ, ಗದರಿಸಿದವರನ್ನು ಕಂಡರೆ ಅಡಗಬೇಕೆಂಬುದನ್ನಷ್ಟೇ ಅದು ಕಲಿಯುತ್ತದೆ. ಮೊಲ ಟ್ರೇಯನ್ನು ತಪ್ಪದೆ ಬಳಸತೊಡಗಿದ ಮೇಲೆ ಓಡಾಟದ ಜಾಗವನ್ನು ಸ್ವಲ್ಪಸ್ವಲ್ಪವಾಗಿ ಹಿಗ್ಗಿಸುತ್ತ ಹೋಗಬಹುದು. ಅಲ್ಲೊಂದು ಇಲ್ಲೊಂದು ಒಣ ಹಿಕ್ಕೆ ಆಗಲೂ ಬಿದ್ದಿರುತ್ತದೆ. ಅದು ವಾಸನೆಯಿಲ್ಲದ ವಸ್ತು, ಪೊರಕೆಗೆ ಒಂದು ಕ್ಷಣದ ಕೆಲಸ.

ಅಕ್ಟೋಬರಿನಲ್ಲಿ ಪ್ರಾಣಿ ರಕ್ಷಣಾ ಕೇಂದ್ರವೊಂದರಿಂದ ರಾಗಿಗೆ ಜೊತೆಯಾಗಿ ಬೆಲ್ಲ ಎಂಬ ಹೆಣ್ಣು ಮೊಲವನ್ನು ತಂದೆವು. ಮೊಲ ಒಂಟಿಯಾಗಿ ಬಾಳುವ ಜೀವಿಯಲ್ಲ, ಎಷ್ಟು ಮುದ್ದಿಸಿದರೂ ನಾವು ಅದಕ್ಕೆ ಇನ್ನೊಂದು ಮೊಲವಾಗಲಾರೆವು. ಅವೆರಡನ್ನೂ ಒಗ್ಗಿಸಲು ಕೆಲವು ವಾರಗಳ ತಾಳ್ಮೆ ಬೇಕಾಯಿತು. ಆ ಕಥೆ ಇನ್ನೊಂದು ಲೇಖನಕ್ಕಿರಲಿ.

ಮರುವರ್ಷ ಮೇ ತಿಂಗಳಲ್ಲಿ ಮಕ್ಕಳ ಅಜ್ಜಿ ತೀರ್ಥಹಳ್ಳಿಯಿಂದ ಬಂದರು. ಮನೆಯೊಳಗೆ ಮೊಲಗಳನ್ನು ಕಂಡು ಅವರಿಗೆ ಸಮಾಧಾನವಾಗಲಿಲ್ಲ. ಎರಡು ದಿನ ಸೆರಗು ಹಿಡಿದು ದೂರದಿಂದಲೇ ನೋಡಿದರು. ಮೂರನೆಯ ದಿನ ಬೆಳಿಗ್ಗೆ ನಾವೇಳುವ ಮೊದಲೇ ಟ್ರೇಯ ಹುಲ್ಲು ಬದಲಿಸುತ್ತಿದ್ದರು. ಕೇಳಿದ್ದಕ್ಕೆ, “ಕೊಟ್ಟಿಗೆಲಿ ಸಗಣಿ ಬಾಚೋವಾಗ್ಲೇ ಗೊತ್ತಾಗ್ತಿತ್ತು, ದನ ಸರಿಯಾಗಿ ಮೇದಿದ್ಯೋ ಇಲ್ವೋ ಅಂತ. ಇದೂ ಅಷ್ಟೇ ತಾನೆ?” ಎಂದರು. ನಮಗೆ ಚಿನ್ನಿಯ ಸಾವಿನಿಂದ ತಿಳಿದದ್ದು ಅವರಿಗೆ ನಲವತ್ತು ವರ್ಷ ಹಸು ಸಾಕಿ ತಿಳಿದಿತ್ತು.

ಮೊಲ ನೋವಾದರೂ ಕೂಗುವುದಿಲ್ಲ. ಬೇಟೆಗೆ ಈಡಾಗುವ ಪ್ರಾಣಿ ತನ್ನ ದೌರ್ಬಲ್ಯವನ್ನು ಕೊನೆಯವರೆಗೂ ಮರೆಮಾಚುತ್ತದೆ. ಆದ್ದರಿಂದ ಟ್ರೇಯನ್ನು ಓದಲು ಕಲಿಯಬೇಕು. ಆರೋಗ್ಯವಂತ ಮೊಲ ದಿನಕ್ಕೆ 200ರಿಂದ 300 ಹಿಕ್ಕೆ ಹಾಕುತ್ತದೆ. ಅವು ಕಡಲೆಕಾಳಿನ ಗಾತ್ರದಲ್ಲಿ, ದುಂಡಗೆ, ಒಣಗಿ, ಮುರಿದರೆ ಹುಲ್ಲಿನ ನಾರು ಕಾಣುವಂತಿರಬೇಕು. ಸಣ್ಣದಾಗಿ ಕಪ್ಪಗಾದರೆ ಮೇವು ಕಡಿಮೆಯಾಗಿದೆ. ರೋಮದ ಎಳೆಯಲ್ಲಿ ಮಣಿಸರದಂತೆ ಪೋಣಿಸಿಕೊಂಡಿದ್ದರೆ ರೋಮ ಉದುರುವ ಕಾಲ, ಹುಲ್ಲು ಹೆಚ್ಚಿಸಬೇಕು. ದ್ರಾಕ್ಷಿಯ ಪುಟ್ಟ ಗೊಂಚಲಿನಂತೆ ಮೆತ್ತಗಿರುವ ಇನ್ನೊಂದು ಬಗೆಯದನ್ನು ಮೊಲ ನೇರವಾಗಿ ಬಾಯಿಗೆ ತೆಗೆದುಕೊಂಡು ತಿಂದುಬಿಡುತ್ತದೆ. ಅದು ರೋಗವಲ್ಲ, ಪೋಷಣೆ. ಅದು ತಿನ್ನದೆ ಉಳಿದು ನೆಲಕ್ಕೆ ಮೆತ್ತಿಕೊಳ್ಳುತ್ತಿದ್ದರೆ ಪೆಲೆಟ್ಟೋ ಕ್ಯಾರೆಟ್ಟೋ ಮಿತಿಮೀರಿದೆಯೆಂದು ತಿಳಿಯಬೇಕು. ಕ್ಯಾರೆಟ್ ಮೊಲದ ಊಟವೆಂಬುದು ಚಿತ್ರಕಥೆಗಳ ಮಾತು. ಅದರ ಊಟ ಹುಲ್ಲು. ದಿನಕ್ಕೆ ತನ್ನ ಮೈಗಾತ್ರದಷ್ಟು ಹುಲ್ಲು. ಬದುಕಿರುವವರೆಗೂ ಬೆಳೆಯುತ್ತಲೇ ಇರುವ ಅದರ ಹಲ್ಲು ಸವೆಯುವುದಕ್ಕೂ ಅದೇ ಬೇಕು. ಚೆನ್ನಾಗಿ ಟ್ರೇ ಬಳಸುತ್ತಿದ್ದ ಮೊಲ ಇದ್ದಕ್ಕಿದ್ದಂತೆ ಹೊರಗೆ ಮೂತ್ರ ಮಾಡತೊಡಗಿದರೆ ಅದು ಹಟವಿರಲಾರದು. ಮೂತ್ರಕೋಶದ ತೊಂದರೆಯೋ, ವಯಸ್ಸಾದದ್ದಾದರೆ ಕೀಲುನೋವೋ ಇರಬಹುದು. ಇನ್ನು ಅರ್ಧ ದಿನ ಮೇವನ್ನೂ ಮುಟ್ಟದೆ ಹಿಕ್ಕೆಯನ್ನೂ ಹಾಕದಿದ್ದರೆ, ಬೆಳಗಾಗಲೆಂದು ಕಾಯಬಾರದು.

ಅಜ್ಜಿ ಊರಿಗೆ ಮರಳುವ ಹದಿನೈದು ದಿನ ಮುಂಚೆ, ಒಂದು ಸಂಜೆ ಟ್ರೇಯ ಮುಂದೆ ಕುಳಿತು ಮೊಮ್ಮಗಳನ್ನು ಕರೆದರು. “ಇವತ್ತು ಬರೀ ಸಣ್ಣದೇ ಇದೆಯಲ್ಲೇ ಪುಟ್ಟಿ, ದೊಡ್ಡದು ಒಂದೂ ಕಾಣ್ತಿಲ್ಲ.” ಬೆಲ್ಲ ದೊಡ್ಡ ತಳಿಯದು, ಅದರ ಹಿಕ್ಕೆ ರಾಗಿಯದಕ್ಕಿಂತ ದೊಡ್ಡದು. ಆ ವ್ಯತ್ಯಾಸವನ್ನು ನಾವು ಆವರೆಗೆ ಗಮನಿಸಿಯೇ ಇರಲಿಲ್ಲ. ಬೆಲ್ಲ ಸೋಫಾದ ಹಿಂದೆ ಬೆನ್ನು ಬಾಗಿಸಿ ಕುಳಿತಿತ್ತು. ರಾತ್ರಿ ತುರ್ತುಚಿಕಿತ್ಸೆಗೆ ಒಯ್ದೆವು. ಕೊನೆಯ ಬಾರಿ ಹಿಕ್ಕೆ ಹಾಕಿದ್ದು ಯಾವಾಗ ಎಂಬ ಅದೇ ಪ್ರಶ್ನೆ ಬಂತು. ಬೆಳಿಗ್ಗೆ ಟ್ರೇ ಬದಲಿಸುವ ಮೊದಲು ಎಂದು ಈ ಬಾರಿ ಮಗಳು ಹೇಳಿದಳು. ನೋವಿಗೆ, ಕರುಳಿನ ಚಲನೆಗೆ ಔಷಧ ಕೊಟ್ಟು, ದ್ರವ ಏರಿಸಿದರು. ಮೂರನೆಯ ದಿನ ಬೆಲ್ಲ ಅಜ್ಜಿಯ ಕೈಯಿಂದ ಕೊತ್ತಂಬರಿ ಸೊಪ್ಪು ಕಿತ್ತುಕೊಂಡು ತಿಂದಿತು.

ಮನೆಯೊಳಗೆ ಎಂದೊಡನೆ ಪಂಜರವನ್ನು ತಂದು ಹಾಲಿನ ಮೂಲೆಯಲ್ಲಿಟ್ಟರೆ ಆಯಿತೆಂದು ಭಾವಿಸಬಾರದು. ಇಲ್ಲಿನ ರ್‍ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಅಂಡ್ ಫಂಡ್ ಸಂಸ್ಥೆಯು ಎರಡು ಮೊಲಗಳಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಸದಾ ಲಭ್ಯವಿರಬೇಕೆನ್ನುತ್ತದೆ. 2006ರ ಪ್ರಾಣಿ ಕಲ್ಯಾಣ ಕಾಯ್ದೆಯ ಪ್ರಕಾರ ತಕ್ಕ ವಸತಿ, ಆಹಾರ, ಸಹಜ ವರ್ತನೆಗೆ ಅವಕಾಶ, ಸೂಕ್ತ ಸಹವಾಸ, ನೋವಿನಿಂದ ರಕ್ಷಣೆ ಇವೆಲ್ಲ ಸಾಕುವವರ ಕಾನೂನುಬದ್ಧ ಹೊಣೆ. ನಾವು ಹಿಂಬದಿಯ ಕೋಣೆಗೆ ಮಗುವಿನ ತಡೆಬಾಗಿಲು ಹಾಕಿ, ಅದನ್ನೇ ಅವುಗಳ ನೆಲೆಯಾಗಿಸಿದ್ದೇವೆ. ಮೊಲದ ಪಾದಕ್ಕೆ ನಾಯಿಬೆಕ್ಕುಗಳಂಥ ಮೆತ್ತೆಯಿಲ್ಲ, ಬರೀ ರೋಮ; ಲ್ಯಾಮಿನೇಟ್ ನೆಲದಲ್ಲಿ ಜಾರುತ್ತದೆ. ಹಳೆಯ ಜಮಖಾನೆ ಹಾಸಿದರೆ ಸಾಕು. ವೈರುಗಳಿಗೆಲ್ಲ ಕೊಳವೆಯ ಹೊದಿಕೆ ಅನಿವಾರ್ಯ. ನಮ್ಮ ಮನೆಯಲ್ಲಿ ಮೂರು ಚಾರ್ಜರುಗಳು ಹುತಾತ್ಮವಾದ ಮೇಲೆ ಈ ವಿವೇಕ ಬಂತು. ಈರುಳ್ಳಿ, ಬೆಳ್ಳುಳ್ಳಿಯ ಸಿಪ್ಪೆ ಅವುಗಳ ಬಾಯಿಗೆ ಸಿಗಬಾರದು. ಊದುಬತ್ತಿಯ ಹೊಗೆ ಮೂಗಿನಿಂದಲೇ ಉಸಿರಾಡುವ ಆ ಜೀವಕ್ಕೆ ಹಿತವಲ್ಲ, ದೇವರ ಕೋಣೆಯ ಬಾಗಿಲು ಮುಚ್ಚಿಕೊಳ್ಳಬೇಕು. ಕುಕ್ಕರಿನ ಸೀಟಿಗೆ ಅವು ಒಂದು ವಾರದಲ್ಲಿ ಒಗ್ಗಿದವು. ದೀಪಾವಳಿಯ ಮತ್ತು ನವೆಂಬರ್ 5ರ ಪಟಾಕಿಗೆ ಇಂದಿಗೂ ಒಗ್ಗಿಲ್ಲ. ಆ ದಿನಗಳಲ್ಲಿ ಪರದೆ ಎಳೆದು, ಅಡಗಲು ರಟ್ಟಿನ ಪೆಟ್ಟಿಗೆಗಳನ್ನಿಟ್ಟು, ಯಾರಾದರೊಬ್ಬರು ಕೋಣೆಯಲ್ಲಿರುತ್ತೇವೆ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ನಮಗೂ ಗೊತ್ತು. ಹೊರಗೆ ಸಾಕುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ದೊಡ್ಡ ಶೆಡ್ಡಿಗೆ ಹೊಂದಿಕೊಂಡ ವಿಶಾಲ ಆವರಣ ಕಟ್ಟಿ, ಜೋಡಿಯಾಗಿ ಸಾಕಿ, ಮಳೆಯಿರಲಿ ಕತ್ತಲಿರಲಿ ದಿನಕ್ಕೆ ಎರಡು ಬಾರಿ ಅವುಗಳ ಬಳಿ ಕೂರುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರ ಮೊಲಗಳು ನಮ್ಮವಕ್ಕಿಂತ ಗಟ್ಟಿಮುಟ್ಟಾಗಿವೆ. ಚಳಿಗಾಲದಲ್ಲಿ ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆ ಸೇರುವ ನಮ್ಮ ಪೈಕಿ ಎಷ್ಟು ಜನರಿಗೆ ಅದು ಸಾಧ್ಯವೆಂಬುದಷ್ಟೇ ನಮ್ಮ ಪ್ರಶ್ನೆ. ಮನೆಯೊಳಗೆ ಸಾಕಿದರೆ ಅಗ್ಗವೆಂದೂ ಹೇಳಲಾರೆವು. ಹುಲ್ಲಿನ ಚೂರು ಸೀರೆಯ ನೆರಿಗೆಯಲ್ಲೂ ಸಿಗುತ್ತದೆ, ಗೋಡೆಯಂಚಿನ ಮರದ ಪಟ್ಟಿಯನ್ನು ರಾಗಿ ಕೆತ್ತಿಟ್ಟಿದೆ. ಒಳಗಿದ್ದರೂ ಮಿಕ್ಸೊಮಟೋಸಿಸ್ ಮತ್ತು ರಕ್ತಸ್ರಾವದ ರೋಗದ ವಾರ್ಷಿಕ ಲಸಿಕೆ ತಪ್ಪಿಸುವಂತಿಲ್ಲ. ಆ ಸೋಂಕು ಕೀಟಗಳ ಮೂಲಕವೂ ನಮ್ಮ ಬೂಟಿನ ಮೂಲಕವೂ ಒಳಬರುತ್ತದೆ. ಮೊಲ ಎಂಟರಿಂದ ಹನ್ನೆರಡು ವರ್ಷ ಬಾಳುತ್ತದೆ. ಇಂದು ಎಂಟು ವರ್ಷದ ಮಗು ಹಟ ಹಿಡಿದು ತರಿಸಿದ ಮೊಲವನ್ನು, ಆ ಮಗು ವಿಶ್ವವಿದ್ಯಾಲಯಕ್ಕೆ ಹೋದ ಮೇಲೂ ನೋಡಿಕೊಳ್ಳಬೇಕಾದವರು ನಾವು. ಇಷ್ಟನ್ನೂ ಯೋಚಿಸಿ ಬೇಡವೆಂದು ತೀರ್ಮಾನಿಸಿದ ಕುಟುಂಬದ ಬಗ್ಗೆ ನಮಗೆ ಗೌರವವಿದೆ.

ಇನ್ನು ಊರಿಗೆ ಹೋಗುವ ಮಾತು. ಐದು ವಾರ ಹೋಗಲೇಬೇಕಾದವರು ನಾವೆಲ್ಲ. ಅಲ್ಲಿ ಹಿರಿಯರು ದಾರಿ ನೋಡುತ್ತಿರುತ್ತಾರೆ. ಮೊಲಗಳನ್ನು ನೋಡಿಕೊಳ್ಳುವ ಬೋರ್ಡಿಂಗ್ ವ್ಯವಸ್ಥೆಗಳಿವೆಯಾದರೂ ಬೇಸಿಗೆಗೆ ತಿಂಗಳುಗಳ ಮೊದಲೇ ತುಂಬಿಹೋಗುತ್ತವೆ. ಸಂಘದಲ್ಲಿ ಮೊಲ ಸಾಕಿರುವ ಕುಟುಂಬಗಳು ಹತ್ತಕ್ಕೂ ಹೆಚ್ಚಿವೆಯೆಂದು ನಮ್ಮ ಅಂದಾಜು, ಎಲ್ಲರೂ ಒಂದೇ ವಾರ ಹೊರಡುವುದಿಲ್ಲ. ಯಾರು ಯಾವಾಗ ಇಲ್ಲಿರುತ್ತಾರೆಂಬ ಒಂದು ಪಟ್ಟಿಯನ್ನು ಯುಗಾದಿಯ ಹೊತ್ತಿಗೆ ಮಾಡಿಟ್ಟುಕೊಂಡರೆ ಜುಲೈ ತಿಂಗಳಿನ ಆ ಸಂದೇಶಗಳಲ್ಲಿ ಅರ್ಧದಷ್ಟಾದರೂ ಬಾರದೆ ಹೋಗಬಹುದು. ಪಟ್ಟಿಯ ಹೊಣೆಯನ್ನು ನಾವೇ ಹೊರಲು ಸಿದ್ಧರಿದ್ದೇವೆ.

ಈ ಬೇಸಿಗೆಯಲ್ಲಿ ನಾವು ಇಲ್ಲಿಯೇ ಇರುತ್ತೇವೆ. ಮೇಲಿನ ಚಿಕ್ಕ ಕೋಣೆಯಲ್ಲಿ ಎರಡು ಮೊಲಗಳಿಗೆ ಸ್ಥಳವಿದೆ. ಲಸಿಕೆ ಆಗಿರಬೇಕು, ಅವು ತಿಂದು ರೂಢಿಯಾದ ಹುಲ್ಲನ್ನೇ ಒಂದು ವಾರಕ್ಕಾಗುವಷ್ಟು ಕಳುಹಿಸಬೇಕು. ಅವುಗಳ ಟ್ರೇಯನ್ನು ದಯವಿಟ್ಟು ತೊಳೆಯದೆ ತನ್ನಿರಿ.